ಕ್ಯಾಮೆರಾಕ್ಕೆ ಅನುದಾನ ಹುಡುಕುವ ಮುನ್ನ: ನೇತ್ರ ಸಂಶೋಧನೆಗೆ ಇರುವ ಫೆಲೋಶಿಪ್ ಮತ್ತು ಅನುದಾನಗಳು

ಪ್ರಶ್ನೆ: ನಾನು ನೇತ್ರವಿಜ್ಞಾನದಲ್ಲಿ ಎಂ.ಎಸ್. ಮುಗಿಸಿ, ಕಲ್ಯಾಣ ಕರ್ನಾಟಕದ ಒಂದು ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಮೂರು ವರ್ಷಗಳಿಂದ ಸಹಾಯಕ ಪ್ರಾಧ್ಯಾಪಕಿಯಾಗಿದ್ದೇನೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ಕಾಣುವ ಅಕ್ಷಿಪಟಲದ ಕಾಯಿಲೆಯ (ಆರ್‌ಓಪಿ) ಬಗ್ಗೆ ಸಂಶೋಧನೆ ಮಾಡುವ ಆಸೆಯಿದೆ. ಶಿಶುಗಳ ಅಕ್ಷಿಪಟಲದ ಚಿತ್ರ ತೆಗೆಯುವ ಕ್ಯಾಮೆರಾ ಕೊಳ್ಳಲು ಯಾವ ಸಂಸ್ಥೆ ಅನುದಾನ ಕೊಡುತ್ತದೆ? ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್‌ಗೆ ಇಲ್ಲಿಂದಲೇ ಅರ್ಜಿ ಹಾಕಬಹುದೇ? ನನ್ನ ತಮ್ಮ ಬೆಂಗಳೂರಿನಲ್ಲಿ ಅಕ್ಷಿಪಟಲದ ಜೀವಕೋಶಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದು ಕೊನೆಯ ವರ್ಷದಲ್ಲಿದ್ದಾನೆ. ಅವನು ಮುಂದೆ ಯಾವ ಫೆಲೋಶಿಪ್‌ಗೆ ಪ್ರಯತ್ನಿಸಬೇಕೆಂಬುದನ್ನೂ ತಿಳಿಸಿ.

ಉತ್ತರ: ಡಾಕ್ಟರೇ, ನಿಮ್ಮ ಪತ್ರದಲ್ಲಿ ಕ್ಯಾಮೆರಾದ ಪ್ರಸ್ತಾಪವಿದೆ, ಕಾಯಿಲೆಯ ಹೆಸರಿದೆ, ಆದರೆ ಆ ಕಾಯಿಲೆಯ ಬಗ್ಗೆ ನೀವು ತಿಳಿಯಬೇಕೆಂದಿರುವುದು ಏನು ಎಂಬುದು ಮಾತ್ರ ಇಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಈ ಅಭ್ಯಾಸ ನಿಮ್ಮೊಬ್ಬರದಲ್ಲ. ಹಲವು ವರ್ಷ ಅರ್ಜಿಗಳನ್ನು ಪರಿಶೀಲಿಸಿದ ನಾನು, ಉಪಕರಣದ ಪಟ್ಟಿ ನಾಲ್ಕು ಪುಟ, ಸಂಶೋಧನಾ ಪ್ರಶ್ನೆ ಅರ್ಧ ಸಾಲು ಇರುವ ಅರ್ಜಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಆದ್ದರಿಂದ ಯಾರು ಹಣ ಕೊಡುತ್ತಾರೆ ಎಂಬುದಕ್ಕಿಂತ ಮೊದಲು, ನಿಮಗೆ ನಿಜವಾಗಿ ಬೇಕಿರುವುದು ಏನು ಎಂಬುದನ್ನು ನೋಡೋಣ.

ಫೆಲೋಶಿಪ್ ಮತ್ತು ಸಂಶೋಧನಾ ಅನುದಾನ ಎರಡನ್ನೂ ನಮ್ಮ ಕಾಲೇಜುಗಳಲ್ಲಿ 'ಫಂಡಿಂಗ್' ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ಅನುದಾನ ಒಂದು ನಿರ್ದಿಷ್ಟ ಕೆಲಸಕ್ಕೆ ಸಿಗುವ ಹಣ: ಇಷ್ಟು ತಿಂಗಳಲ್ಲಿ, ಇಷ್ಟು ಜನರಿಂದ, ಈ ಪ್ರಶ್ನೆಗೆ ಉತ್ತರ. ಫೆಲೋಶಿಪ್ ವ್ಯಕ್ತಿಗೆ ಸಿಗುವ ಹಣ. ಅದು ನಿಮ್ಮ ಸಂಬಳವನ್ನು ಅಥವಾ ಅದರ ಒಂದು ಭಾಗವನ್ನು ವಹಿಸಿಕೊಂಡು, ಹೊರರೋಗಿ ವಿಭಾಗದಿಂದ ನಿಮ್ಮನ್ನು ಬಿಡಿಸಿ ಸಂಶೋಧನೆಗೆ ಸಮಯ ಕೊಡಿಸುತ್ತದೆ. ದಿನಕ್ಕೆ ಎಂಬತ್ತು ರೋಗಿಗಳನ್ನು ನೋಡಿ, ವಾರಕ್ಕೆ ಎರಡು ದಿನ ಶಸ್ತ್ರಚಿಕಿತ್ಸೆ ಮಾಡಿ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪಾಠವನ್ನೂ ಹೇಳುವ ಸಹಾಯಕ ಪ್ರಾಧ್ಯಾಪಕಿಗೆ ಸಾಮಾನ್ಯವಾಗಿ ಇಲ್ಲದಿರುವುದು ಸಮಯ. ನಿಮ್ಮ ಸ್ಥಿತಿಯೂ ಹೀಗೇ ಇದ್ದರೆ, ಮಂಜೂರಾದ ಕ್ಯಾಮೆರಾ ಒಂದು ವರ್ಷದಲ್ಲಿ ಬಟ್ಟೆ ಹೊದ್ದು ಮೂಲೆ ಸೇರುತ್ತದೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಸುಮಾರು 1500 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದ, ಇಲ್ಲವೇ 30 ವಾರ ಅಥವಾ ಅದಕ್ಕಿಂತ ಮುಂಚೆ ಹುಟ್ಟಿದ ಶಿಶುಗಳಿಗೆ ಆರ್‌ಓಪಿ ತಪಾಸಣೆ ಮಾಡುತ್ತಾರೆ. ನಮ್ಮಲ್ಲಿ ಆ ಮಿತಿಯನ್ನು 2000 ಗ್ರಾಂ ಮತ್ತು 34 ವಾರದವರೆಗೆ ವಿಸ್ತರಿಸಿರುವುದು, ಇಲ್ಲಿ ಅದಕ್ಕಿಂತ ದಪ್ಪನೆಯ, ದೊಡ್ಡ ಶಿಶುಗಳಿಗೂ ಈ ಕಾಯಿಲೆ ಬರುವುದರಿಂದ. ಆಮ್ಲಜನಕವನ್ನು ಅಳತೆಯಿಲ್ಲದೆ ಕೊಡುವುದು ಇದರ ದೊಡ್ಡ ಕಾರಣಗಳಲ್ಲೊಂದು. ಮೊದಲ ತಪಾಸಣೆ ಹುಟ್ಟಿದ 30 ದಿನದೊಳಗೆ ಆಗಬೇಕು, ತೀರಾ ಸಣ್ಣ ಶಿಶುಗಳಿಗೆ ಎರಡು-ಮೂರು ವಾರದಲ್ಲೇ ಆಗಬೇಕು. ಆ ಹೊತ್ತಿಗೆ ಎಷ್ಟೋ ಶಿಶುಗಳು ಆಸ್ಪತ್ರೆಯಿಂದ ಬಿಡುಗಡೆಯಾಗಿ ತಾಯಿಯ ತವರಿಗೆ ಹೋಗಿರುತ್ತವೆ, ಬಾಣಂತನ ನಡೆಯುತ್ತಿರುತ್ತದೆ, ಕೂಸನ್ನು ಹೊಸಿಲು ದಾಟಿಸಲು ಮನೆಯವರು ಒಪ್ಪುವುದಿಲ್ಲ. ಕುರುಡುತನ ಹೀಗೆ ಸದ್ದಿಲ್ಲದೆ ಬರುತ್ತದೆ. ಯಾವ ಶಿಶುಗಳು, ಏಕೆ, 30ನೆಯ ದಿನದ ತಪಾಸಣೆಯಿಂದ ತಪ್ಪಿಹೋಗುತ್ತವೆ ಎಂಬುದು ನಿಮ್ಮ ಜಿಲ್ಲೆಯಲ್ಲಿ ಕೂತವರು ಕೇಳಬಹುದಾದ, ಬಾಸ್ಟನ್ನಿನಲ್ಲಿ ಕೂತವರಿಗೆ ಹೊಳೆಯದ ಪ್ರಶ್ನೆ. ಪರಿಶೀಲಕರು ಇಂಥದ್ದನ್ನು ಗುರುತಿಸುತ್ತಾರೆ.

ಈ ಪ್ರಶ್ನೆಗೆ ಕ್ಯಾಮೆರಾ ಬೇಕೆ? ಆರ್‌ಓಪಿ ತಪಾಸಣೆಯ ಮಾನದಂಡ ಇಂದಿಗೂ ಅಕ್ಷಿಪಟಲವನ್ನು ನೇರವಾಗಿ ಕಣ್ಣಿಂದಲೇ ನೋಡಲು ವೈದ್ಯರು ಧರಿಸುವ ಇನ್‌ಡೈರೆಕ್ಟ್ ಆಫ್ತಾಲ್ಮೋಸ್ಕೋಪ್ ಎಂಬ ಉಪಕರಣ. ಅದು ನಿಮ್ಮ ವಿಭಾಗದಲ್ಲಿ ಖಂಡಿತ ಇರುತ್ತದೆ, ಅದನ್ನು ತಲೆಗೆ ಕಟ್ಟಿಕೊಂಡೇ ನೀವು ಎಂ.ಎಸ್. ಮುಗಿಸಿದ್ದೀರಿ. ಕ್ಯಾಮೆರಾ ಉಪಯುಕ್ತವಾಗುವುದು ತಜ್ಞರಿಲ್ಲದ ಊರುಗಳಲ್ಲಿ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ಅವನ್ನು ನೋಡಿ ಚಿಕಿತ್ಸೆ ಬೇಕೇ ಬೇಡವೇ ಎಂದು ಹೇಳುತ್ತಾರೆ. ಈ ಮಾದರಿ ನಮ್ಮ ರಾಜ್ಯದಲ್ಲೇ ಬೆಳೆದದ್ದು. ಹಾಗಿರುವಾಗ 'ನಾವೂ ಒಂದು ಕ್ಯಾಮೆರಾ ಕೊಂಡು ತಪಾಸಣೆ ಮಾಡುತ್ತೇವೆ' ಎಂಬ ಅರ್ಜಿ ಸೇವೆಯ ಅರ್ಜಿಯಾಗುತ್ತದೆ, ಸಂಶೋಧನೆಯ ಅರ್ಜಿಯಾಗುವುದಿಲ್ಲ.

ನಾನು ಹೇಳುವುದು ಸ್ಪಷ್ಟವಾಗಲೆಂದು ಸ್ವಲ್ಪ ಲೆಕ್ಕ ಮಾಡುತ್ತೇನೆ. ತಪಾಸಣೆಗೆ ಅರ್ಹವಾದ ಶಿಶುಗಳಲ್ಲಿ ನೂರಕ್ಕೆ 40 ಶಿಶುಗಳು 30ನೆಯ ದಿನದೊಳಗೆ ಬರುವುದಿಲ್ಲ ಎಂದು ನಿಮ್ಮ ಅಂದಾಜು ಇದೆ ಎಂದುಕೊಳ್ಳಿ. ಅದನ್ನು ಶೇ. 95ರ ವಿಶ್ವಾಸದಲ್ಲಿ, ಐದು ಅಂಶ ಆಚೀಚೆಯ ನಿಖರತೆಯಲ್ಲಿ ಅಳೆಯಲು 369 ಶಿಶುಗಳು ಬೇಕು. ಹತ್ತರಲ್ಲಿ ಒಂದು ಕುಟುಂಬ ಸಂಪರ್ಕಕ್ಕೆ ಸಿಗದೆ ಹೋಗುತ್ತದೆಂದು ಹಿಡಿದರೆ 410 ಬೇಕು. ನಿಮ್ಮ ಘಟಕದಲ್ಲಿ ತಿಂಗಳಿಗೆ ಹನ್ನೆರಡು ಅರ್ಹ ಶಿಶುಗಳು ದಾಖಲಾಗುತ್ತಿದ್ದರೆ ಇದಕ್ಕೆ ಸುಮಾರು 34 ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಪ್ರಾಜೆಕ್ಟ್ ಸಿಬ್ಬಂದಿ ಎರಡು ಬಾರಿ ಬದಲಾಗಿರುತ್ತಾರೆ. ಅಷ್ಟೇ ಗಾತ್ರದ ಇನ್ನೆರಡು ಘಟಕಗಳನ್ನು, ಉದಾಹರಣೆಗೆ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ (ಎಸ್‌ಎನ್‌ಸಿಯು) ಮತ್ತು ಪಕ್ಕದ ಜಿಲ್ಲೆಯ ಒಂದು ಘಟಕವನ್ನು, ಜೊತೆಗೆ ಸೇರಿಸಿಕೊಂಡರೆ ಒಂದು ವರ್ಷದಲ್ಲಿ ದಾಖಲಾತಿ ಮುಗಿಯುತ್ತದೆ. ಹಾಗಾದರೆ ನಿಮಗೆ ಬೇಕಾಗಿರುವುದು ಮೂರು ಘಟಕಗಳ ಒಪ್ಪಿಗೆ ಪತ್ರ, ಮನೆಮನೆಗೆ ಹೋಗಬಲ್ಲ ಇಬ್ಬರು ಕ್ಷೇತ್ರ ಸಿಬ್ಬಂದಿ, ಒಬ್ಬ ಸಂಖ್ಯಾಶಾಸ್ತ್ರಜ್ಞ, ನವಜಾತ ಶಿಶು ತಜ್ಞರೊಬ್ಬರು ಸಹ-ಸಂಶೋಧಕರಾಗಿ, ಮತ್ತು ವಾರದಲ್ಲಿ ನಿಮ್ಮ ಎರಡು ದಿನ.

ಉದ್ದೇಶವನ್ನು ಬರೆಯುವ ರೀತಿಯನ್ನೂ ನೋಡಿ. ಹೆಚ್ಚಿನವರು 'ಕಲ್ಯಾಣ ಕರ್ನಾಟಕದಲ್ಲಿ ಆರ್‌ಓಪಿಯ ಪ್ರಮಾಣ ಮತ್ತು ಅಪಾಯಕಾರಿ ಅಂಶಗಳ ಅಧ್ಯಯನ' ಎಂದು ಬರೆದು ಮುಂದಕ್ಕೆ ಹೋಗುತ್ತಾರೆ. ಇದೇ ಸಾಲು ಊರಿನ ಹೆಸರು ಬದಲಾಗಿ ಪ್ರತಿ ವರ್ಷವೂ ಪರಿಶೀಲಕರ ಮೇಜಿಗೆ ಬರುತ್ತದೆ. ಅದರ ಬದಲು ಹೀಗೆ ಬರೆಯಬಹುದು: 'ಮೂರು ನವಜಾತ ಶಿಶು ಘಟಕಗಳಿಂದ ಬಿಡುಗಡೆಯಾದ, 2000 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳಲ್ಲಿ ಎಷ್ಟು ಭಾಗ 30ನೆಯ ದಿನದೊಳಗೆ ಕಣ್ಣಿನ ತಪಾಸಣೆಗೆ ಒಳಗಾಗುವುದಿಲ್ಲ ಎಂಬುದನ್ನು ಅಳೆಯುವುದು, ಬಿಡುಗಡೆ ಚೀಟಿಯಲ್ಲಿ ತಪಾಸಣೆಯ ದಿನಾಂಕ ಬರೆದಿದ್ದು, ಆಶಾ ಕಾರ್ಯಕರ್ತೆಗೆ ಆ ಮಾಹಿತಿ ತಲುಪಿದ್ದರೆ ಈ ಪ್ರಮಾಣ ಕಡಿಮೆಯಾಗುತ್ತದೆಯೇ ಎಂದು ಪರೀಕ್ಷಿಸುವುದು.' ಎರಡನೆಯದನ್ನು ಓದಿದವರಿಗೆ ಯಾರನ್ನು ಅಳೆಯುತ್ತೀರಿ, ಯಾವಾಗ ಅಳೆಯುತ್ತೀರಿ, ಯಾವ ಉತ್ತರ ಬಂದರೆ ನಿಮ್ಮ ಊಹೆ ಸುಳ್ಳಾಗುತ್ತದೆ ಎಂಬುದು ತಿಳಿಯುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ (ಎನ್‌ಐಎಚ್) ಅರ್ಜಿಗಳಲ್ಲಿ ಈ ಉದ್ದೇಶಗಳಿಗೆಂದೇ ಒಂದು ಪುಟವನ್ನು ಮೀಸಲಿಡುತ್ತಾರೆ. ನಮ್ಮ ನಮೂನೆಗಳಲ್ಲಿ ಹಾಗೆ ಕೇಳದಿದ್ದರೂ ಮೊದಲು ಆ ಒಂದು ಪುಟವನ್ನು ಬರೆದು, ನೇತ್ರವಿಜ್ಞಾನ ಗೊತ್ತಿಲ್ಲದ ಸಹೋದ್ಯೋಗಿಯೊಬ್ಬರಿಂದ ಓದಿಸಿ.

ಇಷ್ಟಾದ ಮೇಲೆ ಯಾರ ಬಾಗಿಲು ತಟ್ಟಬೇಕು ಎಂಬ ಪ್ರಶ್ನೆ. ನಿಮ್ಮ ಕಾಲೇಜು ಖಾಸಗಿಯಾದ್ದರಿಂದ, ಅದಕ್ಕೆ ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆಯ (ಡಿಎಸ್‌ಐಆರ್) ಮಾನ್ಯತೆ ಇದೆಯೇ, ಅದರ ಅವಧಿ ಮುಗಿದಿಲ್ಲವೇ ಎಂಬುದನ್ನು ಮೊದಲು ವಿಚಾರಿಸಿ. ಸರ್ಕಾರೇತರ ಸಂಸ್ಥೆಗಳಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಇದನ್ನು ಕೇಳುತ್ತದೆ. ಅರ್ಜಿ ಎಷ್ಟು ಚೆನ್ನಾಗಿದ್ದರೂ ಈ ಕಾಗದವಿಲ್ಲದೆ ಬಾಗಿಲಲ್ಲೇ ನಿಂತುಬಿಡುತ್ತದೆ.

ಮೊದಲ ಹೆಜ್ಜೆಗೆ ದೊಡ್ಡ ಹಣ ಬೇಡ. ನಿಮ್ಮ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿದ್ದರೆ ಅಧ್ಯಾಪಕರಿಗೆ ವಿಶ್ವವಿದ್ಯಾಲಯವೇ ಸಂಶೋಧನಾ ಅನುದಾನ ಕೊಡುತ್ತದೆ. ಎಂಬಿಬಿಎಸ್ ವಿದ್ಯಾರ್ಥಿಗಳಿಗಾಗಿ ಐಸಿಎಂಆರ್ 1979ರಿಂದ ನಡೆಸುತ್ತಿರುವ ಅಲ್ಪಾವಧಿ ವಿದ್ಯಾರ್ಥಿವೇತನ, ಅಂದರೆ ಎಲ್ಲರೂ ಎಸ್‌ಟಿಎಸ್ ಎಂದು ಕರೆಯುವ ಯೋಜನೆ, ಎರಡು ತಿಂಗಳ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಚುರುಕಾದ ವಿದ್ಯಾರ್ಥಿನಿಯೊಬ್ಬಳಿಗೆ ನೀವು ಮಾರ್ಗದರ್ಶಕಿಯಾಗಿ, ಕಳೆದ ವರ್ಷ ನಿಮ್ಮ ಘಟಕದಿಂದ ಬಿಡುಗಡೆಯಾದ ಶಿಶುಗಳ ದಾಖಲೆಯನ್ನು ನೋಡಿ ಎಷ್ಟು ಶಿಶುಗಳು ಮರಳಿ ಬಂದವು ಎಂದು ಎಣಿಸಲು ಹೇಳಿ. ನಾನು ಮೇಲೆ ಊಹೆಗೆ ಬರೆದ 40 ಎಂಬ ಅಂಕಿಯ ಜಾಗದಲ್ಲಿ ನಿಮ್ಮದೇ ಅಂಕಿ ಕೂರುತ್ತದೆ, ದೊಡ್ಡ ಅರ್ಜಿಗೆ ಪೂರ್ವಭಾವಿ ದತ್ತಾಂಶ ಸಿಗುತ್ತದೆ, ಆ ಹುಡುಗಿಗೂ ಒಂದು ಪ್ರಮಾಣಪತ್ರ ಸಿಗುತ್ತದೆ.

ಕರ್ನಾಟಕ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ವಿಷನ್ ಗ್ರೂಪ್ (ವಿಜಿಎಸ್‌ಟಿ) ಇನ್ನೊಂದು ಮೂಲ. ಹೆಸರಿನಲ್ಲಿ 'ವಿಷನ್' ಇದೆಯೆಂದು ಅದು ಕಣ್ಣಿನ ಸಂಶೋಧನೆಗೆ ಮೀಸಲು ಎಂದು ನಂಬಿ ನನಗೆ ಪತ್ರ ಬರೆದವರಿದ್ದಾರೆ. ಅದು ದೂರದೃಷ್ಟಿಯ ವಿಷನ್, ಎಲ್ಲ ವಿಜ್ಞಾನಗಳಿಗೂ ಸಂಬಂಧಿಸಿದ್ದು. ಯುವ ವಿಜ್ಞಾನಿಗಳಿಗೆ ಬೀಜಧನ ಕೊಡುವ ಯೋಜನೆಯೂ, ಸಂಸ್ಥೆಗಳ ಮೂಲಸೌಕರ್ಯಕ್ಕೆ ಕೆ-ಫಿಸ್ಟ್ ಎಂಬ ಯೋಜನೆಯೂ ಅದರಲ್ಲಿವೆ. ನಿಮಗೆ ಕ್ಯಾಮೆರಾ ಬೇಕೇ ಬೇಕೆಂದಾದರೆ, ಇಡೀ ವಿಭಾಗದ ಹೆಸರಿನಲ್ಲಿ ಕೇಳಲು ಇಂಥ ಮೂಲಸೌಕರ್ಯ ಯೋಜನೆಯೇ ಸರಿಯಾದ ಜಾಗ. ಯಾವ ವರ್ಷ ಯಾವ ಯೋಜನೆಗೆ ಅರ್ಜಿ ಕರೆಯುತ್ತಾರೆ, ವೈದ್ಯಕೀಯ ಕಾಲೇಜುಗಳು ಅದರ ವ್ಯಾಪ್ತಿಗೆ ಬರುತ್ತವೆಯೇ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು.

ಮೂರು ಘಟಕಗಳ ಅಧ್ಯಯನಕ್ಕೆ ಐಸಿಎಂಆರ್‌ನ 'ಸಣ್ಣ ಅನುದಾನ' ಸೂಕ್ತ. ಹೆಸರು ಸಣ್ಣದಾದರೂ ಅದರ ಮಿತಿ ಎರಡು ಕೋಟಿ ರೂಪಾಯಿ, ನಿಮ್ಮ ಕೆಲಸಕ್ಕೆ ಅದರ ಒಂದು ಪಾಲು ಸಾಕು. ಮಿತಿ ಎರಡು ಕೋಟಿ ಎಂದು ಒಂದು ಕೋಟಿ ತೊಂಬತ್ತೊಂಬತ್ತು ಲಕ್ಷ ಕೇಳುವವರಿದ್ದಾರೆ. ಹಾಗೆ ಮಾಡಬೇಡಿ, ಬಜೆಟ್ ಕೆಲಸದಿಂದ ಹುಟ್ಟಿದೆಯೋ ಮಿತಿಯಿಂದ ಹುಟ್ಟಿದೆಯೋ ಎಂಬುದು ಪರಿಶೀಲಕರಿಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ನಿಮಗೆ ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಹೈದರಾಬಾದಿನಲ್ಲಿ ಕಚೇರಿಯಿರುವ ಇಂಡಿಯಾ ಅಲಯನ್ಸ್‌ನ ಫೆಲೋಶಿಪ್ ಬಗ್ಗೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಿಂದ ಇದನ್ನು ನಡೆಸುತ್ತಿವೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಇದರ ಮೂರನೆಯ ಹಂತಕ್ಕೆ 1500 ಕೋಟಿ ರೂಪಾಯಿಗಳ ಯೋಜನೆಯನ್ನು ಒಪ್ಪಿತು; ಅದರಲ್ಲಿ ಸಾವಿರ ಕೋಟಿ ಇಲಾಖೆಯದು, 500 ಕೋಟಿ ವೆಲ್‌ಕಮ್‌ನದು. ಈ ಫೆಲೋಶಿಪ್ ಸಂಬಳವನ್ನೂ ಸಂಶೋಧನೆಯ ವೆಚ್ಚವನ್ನೂ ಒಟ್ಟಿಗೇ ಕೊಡುತ್ತದೆ, ಹಾಗಾಗಿ ನಾನು ಆರಂಭದಲ್ಲಿ ಹೇಳಿದ ಎರಡು ಬಗೆಯ ಹಣವೂ ಇದರಲ್ಲಿ ಸೇರಿಕೊಂಡಿವೆ. ವೈದ್ಯರಿಗೆ ಮತ್ತು ಸಾರ್ವಜನಿಕ ಆರೋಗ್ಯ ಕ್ಷೇತ್ರದವರಿಗೆ ಪ್ರತ್ಯೇಕ ವಿಭಾಗವಿದ್ದು, ವೈದ್ಯರಿಗೆ ಪಿಎಚ್.ಡಿ. ಕಡ್ಡಾಯವಿಲ್ಲ. ಆಯ್ಕೆ ಬಲು ಕಠಿಣ: ಅರ್ಜಿಯ ಜರಡಿ, ಹೊರಗಿನ ತಜ್ಞರ ಪರಿಶೀಲನೆ, ಕೊನೆಗೆ ಸಂದರ್ಶನ. ಸಂದರ್ಶನದಲ್ಲಿ ಪ್ರಶ್ನೆ ನಿಮ್ಮದೋ, ನಿಮ್ಮ ಮಾರ್ಗದರ್ಶಕರದೋ ಎಂಬುದನ್ನು ಕೆದಕಿ ನೋಡುತ್ತಾರೆ.

ಇಲ್ಲಿ ಕಾಲೇಜಿನ ಪತ್ರಕ್ಕೆ ಬಹಳ ಬೆಲೆಯಿದೆ. 'ಅಗತ್ಯವಿರುವ ಎಲ್ಲ ಸೌಲಭ್ಯಗಳನ್ನು ಒದಗಿಸಲಾಗುವುದು' ಎಂದು ಪ್ರಾಂಶುಪಾಲರು ಸಹಿ ಮಾಡಿದ ಪತ್ರವನ್ನು ನಾನು ನೂರಾರು ಬಾರಿ ಓದಿದ್ದೇನೆ, ಅದರಿಂದ ಒಂದು ಅಂಕವೂ ಹೆಚ್ಚುವುದಿಲ್ಲ. 'ಸೋಮವಾರ ಮತ್ತು ಗುರುವಾರ ಇವರಿಗೆ ಓಪಿಡಿ ಹಾಗೂ ಶಸ್ತ್ರಚಿಕಿತ್ಸಾ ಕೊಠಡಿಯ ಕರ್ತವ್ಯ ಇರುವುದಿಲ್ಲ. ಆ ಕೆಲಸಕ್ಕೆ ಬದಲಿ ವೈದ್ಯರನ್ನು ನೇಮಿಸಲಾಗುವುದು' ಎಂಬ ಎರಡು ಸಾಲನ್ನು ಬರೆಸಿಕೊಳ್ಳಿ. ಅದನ್ನು ಬರೆದುಕೊಡಲು ಕಾಲೇಜು ಹಿಂದೆಮುಂದೆ ನೋಡಿದರೆ, ಹಣ ಬಂದ ಮೇಲೂ ಆ ಎರಡು ದಿನ ನಿಮಗೆ ಸಿಗುವುದಿಲ್ಲ ಎಂದೇ ತಿಳಿಯಿರಿ. ನನಗೆ ಸ್ವತಃ ಹೀಗಾಗಿತ್ತು. ಮಂಜೂರಾದ ಪ್ರಾಜೆಕ್ಟಿನ ಮೊದಲ ಹದಿನಾಲ್ಕು ತಿಂಗಳನ್ನು ನಾನು ರಾತ್ರಿ ಪಾಳಿಯ ನಡುವೆ ನಡೆಸಬೇಕಾಯಿತು, ಕೊನೆಗೆ ಅರ್ಧ ಹಣವನ್ನು ಹಿಂದಿರುಗಿಸಿದೆ.

ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್ 1968ರಲ್ಲಿ ಸ್ಥಾಪನೆಯಾದ, ಎನ್‌ಐಎಚ್‌ನ ಅಂಗಸಂಸ್ಥೆ. ನಿಯಮದ ಪ್ರಕಾರ ಹೊರದೇಶದ ಸಂಸ್ಥೆಗಳೂ ಅದರ ಕೆಲವು ಅನುದಾನಗಳಿಗೆ ಅರ್ಜಿ ಹಾಕಬಹುದು, ಆದರೆ ಈ ಹಂತದಲ್ಲಿ ನಿಮಗೆ ಅದನ್ನು ಸೂಚಿಸಲಾರೆ. ಅಲ್ಲಿನ ವಿಶ್ವವಿದ್ಯಾಲಯವೊಂದರ ಅನುದಾನದೊಳಗೆ ಉಪ-ಅನುದಾನವಾಗಿ ಹಣ ಪಡೆಯುವುದು ನಮ್ಮವರ ರೂಢಿಯಾಗಿತ್ತು. 2025ರ ಮೇ ತಿಂಗಳಲ್ಲಿ ಎನ್‌ಐಎಚ್ ಹೊರದೇಶದ ಉಪ-ಅನುದಾನಗಳಿರುವ ಹೊಸ ಮಂಜೂರಾತಿಗಳನ್ನು, ಬೇರೆ ವ್ಯವಸ್ಥೆ ಆಗುವವರೆಗೆ ನಿಲ್ಲಿಸುವುದಾಗಿ ಪ್ರಕಟಿಸಿತು. ನಮ್ಮ ಕಡೆಯ ಬೇಲಿಗಳೂ ಇವೆ: ವಿದೇಶಿ ಹಣ ಅಥವಾ ಸಹಯೋಗವಿರುವ ಆರೋಗ್ಯ ಸಂಶೋಧನೆಗೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು, ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ಸಂಸ್ಥೆಗೆ ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಮತ್ತು 2020ರ ತಿದ್ದುಪಡಿಯ ನಂತರ ಹಾಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ನಿಮ್ಮದು ಮೂರು ಘಟಕಗಳ ಅಧ್ಯಯನ. ಈ ಕೊನೆಯ ಷರತ್ತೊಂದೇ ಸಾಕು ಅದನ್ನು ಕಟ್ಟಿಹಾಕಲು.

ನಿಮ್ಮ ತಮ್ಮನ ದಾರಿ ಬೇರೆ. ಈಗ ಅವರು ಹಿರಿಯ ಸಂಶೋಧನಾ ಫೆಲೋ ಆಗಿ ತಿಂಗಳಿಗೆ 42,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ ಪಡೆಯುತ್ತಿರಬಹುದು. ಪಿಎಚ್.ಡಿ. ನಂತರ ಇಲ್ಲೇ ರಿಸರ್ಚ್ ಅಸೋಸಿಯೇಟ್ ಆದರೆ 2023ರಲ್ಲಿ ಪರಿಷ್ಕೃತವಾದ ದರದಂತೆ 58,000ದಿಂದ ಆರಂಭ. ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯ (ಎಸ್‌ಇಆರ್‌ಬಿ) ಜಾಗಕ್ಕೆ 2024ರಲ್ಲಿ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ (ಎಎನ್‌ಆರ್‌ಎಫ್) ರಾಷ್ಟ್ರೀಯ ಪೋಸ್ಟ್-ಡಾಕ್ಟರಲ್ ಫೆಲೋಶಿಪ್ ಕೂಡ ಇದೆ. ಆದರೆ ಅಕ್ಷಿಪಟಲದ ಜೀವಕೋಶಗಳ ಮೇಲೆ ಕೆಲಸ ಮಾಡಿದವರು ಒಮ್ಮೆ ಹೊರಗೆ ಹೋಗಿ, ಬೇರೆ ತಂತ್ರವೊಂದನ್ನು ಕಲಿತು ಬರುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಯುರೋಪಿಗೆ ಹೋಗುವುದಾದರೆ ಮೇರಿ ಕ್ಯೂರಿ ಫೆಲೋಶಿಪ್, ಪಿಎಚ್.ಡಿ.ಯ ವಿಷಯಕ್ಕಿಂತ ತೀರಾ ಭಿನ್ನವಾದ ದಿಕ್ಕಿಗೆ ಹೊರಳುವ ಧೈರ್ಯವಿದ್ದರೆ ಹ್ಯೂಮನ್ ಫ್ರಂಟಿಯರ್ ಸೈನ್ಸ್ ಪ್ರೋಗ್ರಾಂ. ಅಮೆರಿಕದಲ್ಲಿ ಎಫ್32 ಎಂಬ ಪೋಸ್ಟ್-ಡಾಕ್ಟರಲ್ ಫೆಲೋಶಿಪ್ ಅಲ್ಲಿನ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಕೆ99/ಆರ್00 ಎಂಬ ಪ್ರಶಸ್ತಿಗೆ ಆ ನಿರ್ಬಂಧವಿಲ್ಲ. ಮಾರ್ಗದರ್ಶಕರ ಕೆಳಗೆ ಎರಡು ವರ್ಷದವರೆಗೆ, ಅನಂತರ ಸ್ವತಂತ್ರ ಅಧ್ಯಾಪಕರಾಗಿ ಮೂರು ವರ್ಷದವರೆಗೆ ಹಣ ಸಿಗುತ್ತದೆ. ಅದಕ್ಕೆ ಪೋಸ್ಟ್-ಡಾಕ್ಟರಲ್ ಅನುಭವದ ಮೇಲ್ಮಿತಿ ಇರುವುದರಿಂದ, ಅಲ್ಲಿಗೆ ಹೋದ ಮೊದಲ ವರ್ಷದಲ್ಲೇ ಅದರ ಮಾತೆತ್ತಬೇಕು. ಮರಳಿ ಬರಲು ಜೈವಿಕ ತಂತ್ರಜ್ಞಾನ ಇಲಾಖೆಯ ರಾಮಲಿಂಗಸ್ವಾಮಿ ಮರುಪ್ರವೇಶ ಫೆಲೋಶಿಪ್ ಮತ್ತು ಇಂಡಿಯಾ ಅಲಯನ್ಸ್ ಎರಡೂ ಇವೆ. ಫೆಲೋಶಿಪ್ ಹಣ ನಮ್ಮಲ್ಲಿ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುವುದುಂಟು, ಆದ್ದರಿಂದ ಯಾವುದನ್ನೇ ಒಪ್ಪಿಕೊಂಡರೂ ಮೂರು-ನಾಲ್ಕು ತಿಂಗಳ ಖರ್ಚನ್ನು ಕೈಯಲ್ಲಿ ಇಟ್ಟುಕೊಂಡಿರಲು ಅವರಿಗೆ ಹೇಳಿ.

ನಿಮ್ಮ ಅರ್ಜಿಗೆ ಸಂಬಂಧಿಸಿದ ಇನ್ನೆರಡು ವಿಷಯಗಳು. ನೈತಿಕ ಸಮಿತಿಯ ಸಭೆ ನಿಮ್ಮ ಕಾಲೇಜಿನಲ್ಲಿ ಎಷ್ಟು ತಿಂಗಳಿಗೊಮ್ಮೆ ಸೇರುತ್ತದೆ ಎಂದು ಈಗಲೇ ಕೇಳಿಕೊಳ್ಳಿ. ಮೂರು ಘಟಕಗಳಿದ್ದರೆ ಒಪ್ಪಿಗೆಗಳೂ ಮೂರು ಕಡೆಯಿಂದ ಬರಬೇಕಾಗಬಹುದು, ಶಿಶುಗಳ ಅಧ್ಯಯನವಾದ್ದರಿಂದ ತಂದೆತಾಯಿಯರ ಸಮ್ಮತಿ ಪತ್ರವನ್ನು ಅವರು ಆಡುವ ಕನ್ನಡದಲ್ಲಿ, ಅಗತ್ಯವಿದ್ದಲ್ಲಿ ಉರ್ದು ಮತ್ತು ತೆಲುಗಿನಲ್ಲೂ ಸಿದ್ಧಪಡಿಸಬೇಕು. ಎರಡನೆಯದು ಬಜೆಟ್. ಯಾವುದೇ ಉಪಕರಣವನ್ನು ಸೇರಿಸಿದರೂ ಸರಬರಾಜುದಾರರ ದರಪಟ್ಟಿಯಲ್ಲಿ ಜಿಎಸ್‌ಟಿ ಸೇರಿದೆಯೇ ನೋಡಿ. ಸಾರ್ವಜನಿಕ ಸಂಶೋಧನಾ ಸಂಸ್ಥೆಗಳಿಗೆ ಇದ್ದ ಶೇ. 5ರ ರಿಯಾಯಿತಿ ದರ 2022ರ ಜುಲೈನಲ್ಲಿ ಹೋಯಿತು. ಹಳೆಯ ಅರ್ಜಿಯ ನಕಲನ್ನು ಮುಂದಿಟ್ಟುಕೊಂಡು ಬರೆಯುವವರು ಇನ್ನೂ ಅದೇ ದರ ಹಾಕಿ, ಮಂಜೂರಾದ ಮೇಲೆ ವ್ಯತ್ಯಾಸವನ್ನು ಎಲ್ಲಿಂದ ತರುವುದೆಂದು ಪರದಾಡುತ್ತಾರೆ. ಕ್ಷೇತ್ರ ಸಿಬ್ಬಂದಿಯ ಪ್ರಯಾಣ ವೆಚ್ಚವನ್ನು ಮಾತ್ರ ಕೈಬಿಗಿ ಮಾಡಬೇಡಿ. ತಪಾಸಣೆಗೆ ಬಾರದ ಕೂಸಿನ ಮನೆ ಹುಡುಕಿಕೊಂಡು ಅವರು ಬಸ್ಸಿನಲ್ಲಿ, ಅಲ್ಲಿಂದ ಟಂಟಂನಲ್ಲಿ ಹೋಗಬೇಕು. ತಾಯಿ ಮನೆಯಲ್ಲಿಲ್ಲದಿದ್ದರೆ ಮತ್ತೆ ಇನ್ನೊಂದು ದಿನ ಹೋಗಬೇಕು. ಒಂದು ಮನೆಗೆ ಎರಡು ಭೇಟಿಯ ಲೆಕ್ಕವನ್ನಾದರೂ ಹಾಕಿ.